ಮಗುವಿನ ಮೊದಲ ಸ್ಕೂಬಾ ಡೈವಿಂಗ್: ಈಜುಕೊಳದಿಂದ ನೇತ್ರಾಣಿಯವರೆಗೆ ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ ಇರುವ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆಂದು, ಅಂದರೆ ಬೆನ್ನಿಗೆ ಕಟ್ಟಿಕೊಂಡ ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತಾ ನೀರಿನಡಿ ಈಜಲೆಂದು, ಹೋಗುವ ಕುಟುಂಬಗಳಲ್ಲಿ ಈಗ ಮಕ್ಕಳೂ ಇರುತ್ತಾರೆ. ನಾನು ದೊಡ್ಡವಳಾದ ಮೇಲೆ ಡೈವಿಂಗ್ ಕಲಿತವಳು. ನನ್ನ ಮಗಳು ಎಂಟನೆಯ ವಯಸ್ಸಿನಲ್ಲಿ ಬೆಂಗಳೂರಿನ ಒಂದು ಈಜುಕೊಳದ ನೀರಿನಡಿಯಲ್ಲಿ ಮೊದಲ ಬಾರಿ ಉಸಿರಾಡಿದಳು, ಹತ್ತು ತುಂಬಿದ ಮೇಲೆ ಸಮುದ್ರಕ್ಕೆ ಇಳಿದಳು. ಅಂದಿನಿಂದ ನೆಂಟರೂ ಸ್ನೇಹಿತರೂ ಅವಳ ಶಾಲೆಯ ಇತರ ಮಕ್ಕಳ ತಂದೆತಾಯಂದಿರೂ ಕೇಳುತ್ತಾ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಆರೋಗ್ಯದ ವಿಷಯದಲ್ಲಿ ನಿಮ್ಮ ಮಗುವನ್ನು ಕಂಡ ವೈದ್ಯರ ಮಾತೇ ಕೊನೆಯದು ಎಂಬುದನ್ನು ನೆನಪಿನಲ್ಲಿಟ್ಟು ಓದಬೇಕೆಂದು ಕೋರುತ್ತೇನೆ.

ಎಷ್ಟು ವಯಸ್ಸಿನ ಮಗು ಸ್ಕೂಬಾ ಡೈವಿಂಗ್ ಮಾಡಬಹುದು?

ಜಗತ್ತಿನ ಅನೇಕ ಡೈವಿಂಗ್ ಕೇಂದ್ರಗಳು ಅನುಸರಿಸುವ ಪ್ಯಾಡಿ ಎಂಬ ಡೈವಿಂಗ್ ತರಬೇತಿ ಸಂಸ್ಥೆಯ ನಿಯಮದಂತೆ 8 ವರ್ಷ ತುಂಬಿದ ಮಗು ‘ಬಬಲ್‌ಮೇಕರ್’ ಎಂಬ ಪರಿಚಯ ಪಾಠಕ್ಕೆ ಸೇರಬಹುದು; ಆ ಪಾಠದಲ್ಲಿ ನೀರಿನ ಆಳ 2 ಮೀಟರ್ ಮೀರುವಂತಿಲ್ಲ. ಸಮುದ್ರದಲ್ಲಿ ತರಬೇತುದಾರರೊಂದಿಗೆ ಮಾಡುವ ‘ಡಿಸ್ಕವರ್ ಸ್ಕೂಬಾ’ ಎಂಬ ಮೊದಲ ಅನುಭವಕ್ಕೆ 10 ವರ್ಷ ತುಂಬಿರಬೇಕು, ಆಳದ ಮಿತಿ 12 ಮೀಟರ್.

ಆದರೆ ಈ ಸಂಖ್ಯೆಗಳು ಬಾಗಿಲ ಹೊಸ್ತಿಲು ಮಾತ್ರ. ಹೇಳಿದ ಮೂರು ಸೂಚನೆಗಳನ್ನು ಕ್ರಮ ತಪ್ಪದೆ ನೆನಪಿಟ್ಟುಕೊಳ್ಳುವ, ನೋವಾದಾಗ ಅದನ್ನು ಮುಚ್ಚಿಡದೆ ಹೇಳುವ, ಅಪರಿಚಿತ ದೊಡ್ಡವರ ಎದುರು ‘ನನಗೆ ಸಾಕು’ ಎನ್ನಬಲ್ಲ ಮಗು ಎಂಟಕ್ಕೇ ಸಿದ್ಧವಾಗಿರಬಹುದು. ಇವು ಇನ್ನೂ ಬಾರದಿದ್ದರೆ ಹನ್ನೆರಡಾದರೂ ಕಾಯುವುದೇ ಸರಿ. ದೊಡ್ಡವರ ಮಾತಿಗೆ ಎದುರಾಡಬಾರದೆಂದು ಕಲಿಸಿ ಬೆಳೆಸಿದ ನಮ್ಮ ಮಕ್ಕಳಿಗೆ ಈ ಮೂರನೆಯದು ಎಲ್ಲಕ್ಕಿಂತ ಕಷ್ಟ. ಅದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಬೇಕು.

ನೇರವಾಗಿ ನೇತ್ರಾಣಿಗೇ ಕರೆದೊಯ್ಯಬಾರದೇ? ಈಜುಕೊಳ ಏಕೆ?

ನಿಯಮ ಅಡ್ಡಿಯಾಗದಿದ್ದರೂ ನಾನು ಒಪ್ಪುವುದಿಲ್ಲ. ಸಮುದ್ರದಲ್ಲಿ ಮಗು ಏಕಕಾಲಕ್ಕೆ ಹಲವು ಹೊಸ ಸಂಗತಿಗಳನ್ನು ಎದುರಿಸಬೇಕಾಗುತ್ತದೆ: ತೂಗಾಡುವ ದೋಣಿ, ಬಾಯಿಗೆ ನುಗ್ಗುವ ಉಪ್ಪುನೀರು, ಕಾಲಿಗೆ ಸಿಗದ ತಳ, ಮೈಗೆ ಬಿಗಿದ ಉಡುಪು, ಬಾಯಲ್ಲಿ ಕಚ್ಚಿಕೊಂಡ ರಬ್ಬರು. ಈಜುಕೊಳದಲ್ಲಿ ಇವುಗಳಲ್ಲಿ ಅರ್ಧದಷ್ಟು ಇರುವುದೇ ಇಲ್ಲ. ನೀರು ತಿಳಿಯಾಗಿರುತ್ತದೆ, ಬೇಕೆಂದಾಗ ಎದ್ದು ನಿಲ್ಲಬಹುದು, ಅಂಚಿನಲ್ಲಿ ಕುಳಿತ ಅಮ್ಮನೋ ಅಪ್ಪನೋ ಕಣ್ಣಿಗೆ ಕಾಣುತ್ತಾರೆ. ಬೆಂಗಳೂರಿನಲ್ಲಿ ಡೈವಿಂಗ್ ತರಬೇತಿ ನೀಡುವವರು ಮೊದಲ ಪಾಠಗಳನ್ನು ಈಜುಕೊಳದಲ್ಲೇ ನಡೆಸುತ್ತಾರಾದ್ದರಿಂದ, ಕರಾವಳಿಗೆ ಹೊರಡುವ ಮೊದಲೇ ಅದನ್ನು ಮುಗಿಸಿಕೊಳ್ಳಲು ಸಾಧ್ಯ.

ಈಜು ಬಾರದ ಮಗುವಿಗೆ ಅವಕಾಶವಿದೆಯೇ?

ಪರಿಚಯ ಪಾಠಕ್ಕೆ ಈಜು ಕಡ್ಡಾಯವಲ್ಲ. ಆದರೆ ನೀರು ಮೂಗಿಗೆ ಹೋದಾಗ ಗಾಬರಿಯಾಗದಿರುವುದು ಬಹಳ ಮುಖ್ಯ, ಮತ್ತು ಅದು ಈಜುವುದರಿಂದಲೇ ಬರುವ ಅಭ್ಯಾಸ. ಹಿಂದೆ ನಮ್ಮ ಊರುಗಳಲ್ಲಿ ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿ ಬಾವಿಗೋ ಕೆರೆಗೋ ಇಳಿಸುತ್ತಿದ್ದರು. ಮಗುವಿಗೆ ನೀರಿನ ಮೇಲೆ ನಂಬಿಕೆ ಬಂದಂತೆ ಬುರುಡೆ ಬಿಚ್ಚುತ್ತಿದ್ದರು. ಆ ಕ್ರಮದಲ್ಲಿ ಅವಸರವಿರಲಿಲ್ಲ. ಒಂದು ಬೇಸಿಗೆ ರಜೆ ಈಜಿಗೆ, ಮುಂದಿನ ರಜೆ ಸ್ಕೂಬಾಗೆ ಎಂದು ಇಟ್ಟುಕೊಂಡರೆ ಕಳೆದುಕೊಳ್ಳುವುದೇನೂ ಇಲ್ಲ.

ಬೆನ್ನ ಮೇಲಿನ ಆಕ್ಸಿಜನ್ ಸಿಲಿಂಡರ್ ಮಗುವಿಗೆ ಭಾರವಾಗುವುದಿಲ್ಲವೇ?

ಮೊದಲಿಗೆ, ಅದರಲ್ಲಿರುವುದು ಆಕ್ಸಿಜನ್ ಅಲ್ಲ. ನಾವು ಉಸಿರಾಡುವ ಸಾಮಾನ್ಯ ಗಾಳಿಯನ್ನೇ ಶುದ್ಧೀಕರಿಸಿ, ಸುಮಾರು 200 ಬಾರ್ ಒತ್ತಡದಲ್ಲಿ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು) ಅದುಮಿ ತುಂಬಿರುತ್ತಾರೆ. ಅದರಲ್ಲಿ ಆಕ್ಸಿಜನ್ ಶೇಕಡಾ 21, ಉಳಿದದ್ದು ಹೆಚ್ಚಾಗಿ ನೈಟ್ರೋಜನ್. ಶುದ್ಧ ಆಕ್ಸಿಜನ್ 6 ಮೀಟರ್‌ಗಿಂತ ಆಳದಲ್ಲಿ ದೇಹಕ್ಕೆ ವಿಷವಾಗಬಲ್ಲದು. ಆಸ್ಪತ್ರೆಯ ಸಿಲಿಂಡರ್ ನೋಡಿದ ಮಗುವಿಗೆ ಈ ವ್ಯತ್ಯಾಸ ತಿಳಿಸಿದರೆ, ‘ಇದು ಕಾಯಿಲೆಯವರ ವಸ್ತು’ ಎಂಬ ಅಳುಕು ಹೋಗುತ್ತದೆ.

ಭಾರದ ವಿಷಯಕ್ಕೆ ಬಂದರೆ, ದೊಡ್ಡವರು ಬಳಸುವ ಅಲ್ಯೂಮಿನಿಯಂ ಸಿಲಿಂಡರ್ ಖಾಲಿ ಇದ್ದಾಗಲೇ ಸುಮಾರು 14 ಕಿಲೋ ತೂಗುತ್ತದೆ. ಅದನ್ನು ಎಂಟು ವರ್ಷದ ಮಗುವಿನ ಬೆನ್ನಿಗೆ ದಡದಲ್ಲಿ ಕಟ್ಟಿ ನಡೆಸಬಾರದು. ಮಗು ನೀರಿನಲ್ಲಿ ನಿಂತ ಮೇಲೆ ಅಲ್ಲೇ ತೊಡಿಸುವುದು ಸರಿಯಾದ ವಿಧಾನ. ನೀರು ಆ ಭಾರವನ್ನು ಬಹುಮಟ್ಟಿಗೆ ತಾನೇ ಹೊರುತ್ತದೆ. ಮಕ್ಕಳಿಗೆಂದೇ ಚಿಕ್ಕ ಸಿಲಿಂಡರ್, ತೇಲಲು ನೆರವಾಗುವ ಚಿಕ್ಕ ಅಳತೆಯ ಗಾಳಿ ಜಾಕೆಟ್ ಮತ್ತು ಮಾಸ್ಕ್ ಇವೆಯೇ ಎಂದು ಕೇಳಿ. ಇನ್ನೊಂದು ಸಣ್ಣ ಸಂಗತಿ: ಈ ವಯಸ್ಸಿನಲ್ಲಿ ಹಾಲುಹಲ್ಲು ಅಲ್ಲಾಡುತ್ತಿರುತ್ತದೆ. ಮುಂದಿನ ಹಲ್ಲು ಸಡಿಲವಾಗಿದ್ದರೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರಿನ ಬಾಯಿರಬ್ಬರನ್ನು ಕಚ್ಚಿ ಹಿಡಿಯುವುದು ಕಷ್ಟವಾಗುವುದರಿಂದ, ಹಲ್ಲು ಬಿದ್ದ ಮೇಲೆ ಹೋಗುವುದು ಒಳ್ಳೆಯದು.

ಕಿವಿಗೆ ಏನಾಗುತ್ತದೆ? ಹೆಚ್ಚಿನವರು ಕಿವಿನೋವಿನ ಬಗ್ಗೆಯೇ ಹೇಳುತ್ತಾರಲ್ಲ?

ಆಗುಂಬೆಯನ್ನೋ ಚಾರ್ಮಾಡಿಯನ್ನೋ ಬಸ್ಸಿನಲ್ಲಿ ಇಳಿಯುವಾಗ ಕಿವಿ ಕಟ್ಟಿದಂತಾಗುವುದು, ಉಗುಳು ನುಂಗಿದಾಗ ‘ಟಪ್’ ಎಂದು ಬಿಡುವುದು ನಮ್ಮ ಮಕ್ಕಳಿಗೆಲ್ಲ ಗೊತ್ತಿರುವ ಅನುಭವ. ನೀರಿನಲ್ಲಿ ನಡೆಯುವುದೂ ಅದೇ, ಆದರೆ ಬಹಳ ವೇಗವಾಗಿ. ಸಮುದ್ರಮಟ್ಟದಲ್ಲಿ ನಮ್ಮ ಮೇಲಿರುವ ಗಾಳಿಯ ಒತ್ತಡವನ್ನು ಒಂದು ಎಂದು ಇಟ್ಟುಕೊಂಡರೆ, ಕೇವಲ 10 ಮೀಟರ್ ನೀರಿನಡಿಯಲ್ಲಿ ಅದು ಎರಡಾಗುತ್ತದೆ. ಇಡೀ ಘಟ್ಟ ಇಳಿದರೂ ಆಗುವ ಬದಲಾವಣೆ, ಈಜುಕೊಳದಲ್ಲಿ ಒಂದು ಮೀಟರ್ ಇಳಿದಾಗ ಆಗುವುದಕ್ಕಿಂತ ತೀರಾ ಹೆಚ್ಚೇನಲ್ಲ. ಘಟ್ಟಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಕೊಳಕ್ಕೆ ಎರಡೇ ಕ್ಷಣ.

ಕಿವಿತಮಟೆಯ ಒಳಬದಿಯಲ್ಲಿರುವ ಗಾಳಿಯ ಕೋಣೆಯಿಂದ ಗಂಟಲಿನ ಹಿಂಭಾಗಕ್ಕೆ ಒಂದು ಸಣ್ಣ ನಾಳವಿದೆ. ಅದರ ಮೂಲಕ ಗಾಳಿ ಒಳಗೆ ಸೇರಿದರೆ ತಮಟೆಯ ಎರಡೂ ಬದಿಯ ಒತ್ತಡ ಸಮವಾಗಿ ನೋವಿರುವುದಿಲ್ಲ. ಮಕ್ಕಳಲ್ಲಿ ಈ ನಾಳ ದೊಡ್ಡವರಿಗಿಂತ ಗಿಡ್ಡ, ಕಿರಿದು, ಹೆಚ್ಚು ಅಡ್ಡಡ್ಡವಾಗಿರುತ್ತದೆ. ಆದ್ದರಿಂದಲೇ ಅವರಿಗೆ ಕಿವಿಸೋಂಕು ಹೆಚ್ಚು, ನೀರಿನಡಿ ಒತ್ತಡ ಸಮಗೊಳಿಸುವುದೂ ಕಷ್ಟ. ಮೂಗು ಹಿಡಿದು, ಬಾಯಿ ಮುಚ್ಚಿ, ಬಹಳ ಮೆತ್ತಗೆ ಮೂಗಿನೊಳಗೆ ಊದುವುದು ಸಾಮಾನ್ಯ ವಿಧಾನ. ಮೂಗು ಹಿಡಿದು ಉಗುಳು ನುಂಗುವುದು ಇನ್ನೊಂದು. ನೋವು ಬಂದ ಮೇಲೆ ಮಾಡಿದರೆ ತಡವಾಯಿತು. ಅರ್ಧ ಮೀಟರ್ ಇಳಿಯುವಷ್ಟರಲ್ಲಿ ಒಮ್ಮೆ, ಮತ್ತೆ ಅರ್ಧಕ್ಕೆ ಇನ್ನೊಮ್ಮೆ ಮಾಡುತ್ತಲೇ ಇರಬೇಕು. ಬಿಡದಿದ್ದರೆ ಸ್ವಲ್ಪ ಮೇಲೇರಿ ಪ್ರಯತ್ನಿಸಬೇಕು. ಆಗಲೂ ಬಿಡದಿದ್ದರೆ ಅಂದಿನ ಡೈವಿಂಗ್ ಅಲ್ಲಿಗೆ ಮುಗಿಯಿತು. ಜೋರಾಗಿ ಊದುವುದು ಅಪಾಯಕರ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಮಗಳ ಎರಡನೆಯ ಪಾಠದ ದಿನ ಅವಳಿಗೆ ಸಣ್ಣ ನೆಗಡಿಯಿತ್ತು. ಹಣ ಕಟ್ಟಿಯಾಗಿದೆ, ಆಳವೂ ಎರಡೇ ಮೀಟರ್ ಎಂದುಕೊಂಡು ನಾನೇ ಅವಳನ್ನು ಇಳಿಸಿದೆ. ಅವಳು ಬೈಗುಳಕ್ಕೆ ಹೆದರಿ ನೋವನ್ನು ಹೇಳಲಿಲ್ಲ; ಆ ರಾತ್ರಿಯೆಲ್ಲ ಕಿವಿ ಹಿಡಿದುಕೊಂಡು ಅತ್ತಳು, ಒಂದು ವಾರ ಔಷಧಿ ಹಾಕಬೇಕಾಯಿತು. ನೆಗಡಿಯಿದ್ದರೆ ಇಳಿಸಬೇಡಿ. ಮೂಗು ಬಿಡಿಸುವ ಔಷಧಿ ಹಾಕಿ ಇಳಿಸುವುದೂ ಬೇಡ. ಔಷಧಿಯ ಪ್ರಭಾವ ನೀರಿನಡಿಯಲ್ಲೇ ಇಳಿದುಹೋದರೆ ಮೇಲೇರುವಾಗ ಗಾಳಿ ಸಿಕ್ಕಿಕೊಳ್ಳುತ್ತದೆ.

ಮಗುವಿಗೆ ಕಲಿಸಲೇಬೇಕಾದ ಒಂದೇ ನಿಯಮವಿದ್ದರೆ ಅದು ಯಾವುದು?

ಉಸಿರು ಹಿಡಿಯಬಾರದು. ಈಜು ಬಲ್ಲ ಮಗುವಿಗೆ ಇದು ತಲೆಕೆಳಗಾದ ಪಾಠ, ಏಕೆಂದರೆ ಅಲ್ಲಿಯವರೆಗೆ ಮುಳುಗುವಾಗಲೆಲ್ಲ ಉಸಿರು ಹಿಡಿಯಲು ಕಲಿಸಿರುತ್ತೇವೆ. ಕಾರಣವನ್ನು ಒಂದು ಬಲೂನಿನಿಂದ ವಿವರಿಸಬಹುದು. ಒತ್ತಡ ಹೆಚ್ಚಿದಷ್ಟೂ ಅನಿಲ ಕುಗ್ಗುತ್ತದೆ, ಕಡಿಮೆಯಾದಷ್ಟೂ ಹಿಗ್ಗುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮವನ್ನು ಮಕ್ಕಳು ಮುಂದೆ ಶಾಲೆಯಲ್ಲಿ ಓದುತ್ತಾರೆ. 10 ಮೀಟರ್ ಆಳದಲ್ಲಿ ಊದಿ ಕಟ್ಟಿದ ಬಲೂನು ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶವೂ ಹಾಗೆಯೇ, ಗಂಟಲು ತೆರೆದು ಉಸಿರಾಡುತ್ತಿದ್ದರೆ ಹೆಚ್ಚಾದ ಗಾಳಿ ತಾನಾಗಿ ಹೊರಹೋಗುತ್ತದೆ, ಬಿಗಿಹಿಡಿದರೆ ಒಳಗಿನ ಸೂಕ್ಷ್ಮ ಚೀಲಗಳು ಹರಿಯಬಹುದು. ನೀರಿನಡಿ ತುಂಬು ಉಸಿರೆಳೆದು, ಅದನ್ನು ಹಿಡಿದುಕೊಂಡೇ ಚಿಮ್ಮಿ ಮೇಲೆ ಬಂದರೆ, ಈಜುಕೊಳದ ಒಂದು-ಒಂದೂವರೆ ಮೀಟರ್ ಆಳದಲ್ಲೂ ಈ ಗಾಯ ಸಾಧ್ಯ. ‘ಎರಡೇ ಮೀಟರ್ ತಾನೇ’ ಎಂದು ನಾನು ಅಂದುಕೊಂಡದ್ದು ಈ ಕಾರಣಕ್ಕೂ ತಪ್ಪಾಗಿತ್ತು.

ಮಗಳಿಗೆ ಅವಳ ತರಬೇತುದಾರರು ಹೇಳಿಕೊಟ್ಟ ಉಪಾಯ ಸರಳವಾಗಿತ್ತು: ಬಾಯಲ್ಲಿ ರೆಗ್ಯುಲೇಟರ್ ಇಲ್ಲದ ಕ್ಷಣಗಳಲ್ಲಿ ‘ಆ...’ ಎಂದು ಸಣ್ಣಗೆ ಹಾಡುತ್ತಿರಬೇಕು. ಹಾಡುವಾಗ ಉಸಿರು ಹಿಡಿಯಲು ಆಗುವುದಿಲ್ಲ, ಗುಳ್ಳೆಗಳು ಸಾಲಾಗಿ ಹೊರಬರುವುದು ಕಾಣುತ್ತದೆ.

ಯಾವ ಆರೋಗ್ಯ ಸಮಸ್ಯೆಗಳಿದ್ದರೆ ಇಳಿಸಬಾರದು?

ಪಾಠಕ್ಕೆ ಮೊದಲು ಆರೋಗ್ಯದ ಪ್ರಶ್ನಾವಳಿಯನ್ನು ಕೊಡುತ್ತಾರೆ, ಅಪ್ರಾಪ್ತರ ಪರವಾಗಿ ಹೆತ್ತವರು ಸಹಿ ಹಾಕಬೇಕು. ಅದನ್ನು ಬ್ಯಾಂಕಿನ ಅರ್ಜಿಯಂತೆ ಕಣ್ಣುಮುಚ್ಚಿ ‘ಇಲ್ಲ, ಇಲ್ಲ’ ಎಂದು ತುಂಬಬೇಡಿ. ಉಬ್ಬಸ, ಅಪಸ್ಮಾರ, ಹೃದಯದ ತೊಂದರೆ, ಪದೇ ಪದೇ ಬರುವ ಕಿವಿಸೋಂಕು, ಕಿವಿ ಅಥವಾ ಎದೆಯ ಶಸ್ತ್ರಚಿಕಿತ್ಸೆ, ಮಧುಮೇಹ, ಮೂರ್ಛೆ ಹೋದ ಇತಿಹಾಸ ಇವುಗಳಲ್ಲಿ ಯಾವುದೇ ಇದ್ದರೂ ವೈದ್ಯರ ಲಿಖಿತ ಒಪ್ಪಿಗೆಯಿಲ್ಲದೆ ಮುಂದುವರಿಯಬಾರದು. ಕಿವಿತಮಟೆಯಲ್ಲಿ ಸಣ್ಣ ನಳಿಕೆ ಅಳವಡಿಸಿರುವ ಮಕ್ಕಳು, ಅದನ್ನು ತೆಗೆದು ತಮಟೆ ಪೂರ್ತಿ ಕೂಡಿಕೊಳ್ಳುವವರೆಗೆ ಇಳಿಯುವಂತಿಲ್ಲ. ಉಬ್ಬಸದ ವಿಷಯದಲ್ಲಿ ‘ಈಗ ಕಡಿಮೆಯಾಗಿದೆ’ ಎಂಬ ನಮ್ಮ ಅಂದಾಜು ಸಾಲದು. ಶ್ವಾಸನಾಳ ಸಂಕುಚಿತವಾದರೆ ಗಾಳಿ ಒಳಗೆ ಸಿಕ್ಕಿಕೊಳ್ಳಬಹುದು, ಅದರ ಪರಿಣಾಮವನ್ನು ಮೇಲಿನ ಉತ್ತರದಲ್ಲೇ ಹೇಳಿದ್ದೇನೆ.

ಈಜುಕೊಳದ ಮೊದಲ ಪಾಠದಲ್ಲಿ ಏನೇನು ಮಾಡಿಸುತ್ತಾರೆ?

ಮೊದಲ ಅರ್ಧ ಗಂಟೆ ದಡದಲ್ಲೇ ಕಳೆಯುತ್ತದೆ. ಸಲಕರಣೆಗಳ ಹೆಸರು, ಕೆಲಸ ತಿಳಿಸಿ, ಕೈಸನ್ನೆಗಳನ್ನು ಕಲಿಸುತ್ತಾರೆ. ಇಲ್ಲಿ ಒಂದು ಗೊಂದಲಕ್ಕೆ ಮಗುವನ್ನು ಮೊದಲೇ ಸಿದ್ಧಗೊಳಿಸಿ: ಹೆಬ್ಬೆರಳು ಮೇಲೆತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದರ್ಥ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಉಂಗುರ ಮಾಡಬೇಕು. ಅಂಗೈಯನ್ನು ಚಪ್ಪಟೆಯಾಗಿ ಹಿಡಿದು ಅತ್ತಿತ್ತ ಅಲುಗಿಸಿದರೆ ಏನೋ ಸರಿಯಿಲ್ಲವೆಂದು. ಆ ಬಳಿಕ ಎಲ್ಲಿ ತೊಂದರೆಯೋ ಅಲ್ಲಿಗೆ ಬೆರಳು ತೋರಿಸಬೇಕು.

ನಂತರ ಸೊಂಟದ ಮಟ್ಟದ ನೀರಿನಲ್ಲಿ ಮಾಸ್ಕ್ ಹಾಕಿಸಿ, ಮುಖವನ್ನಷ್ಟೇ ಅದ್ದಿ ಬಾಯಿಯಿಂದ ಉಸಿರಾಡಿಸುತ್ತಾರೆ. ಈಜುವ ಕನ್ನಡಕ ಇಲ್ಲಿ ಉಪಯೋಗವಿಲ್ಲ. ಮೂಗನ್ನೂ ಒಳಗೊಂಡ ಮಾಸ್ಕ್ ಆದರೆ ಮಾತ್ರ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಕಣ್ಣಿನ ಸುತ್ತಲ ಒತ್ತಡವನ್ನು ಸರಿಪಡಿಸಲು ಸಾಧ್ಯ. ಈ ಹಂತ ಕಳೆದ ಮೇಲೆ ಮಂಡಿಯೂರಿ ಪೂರ್ತಿ ಮುಳುಗುವುದು, ಬಾಯಿಂದ ರೆಗ್ಯುಲೇಟರ್ ತೆಗೆದು ಮತ್ತೆ ಹಾಕಿಕೊಳ್ಳುವುದು, ಮಾಸ್ಕ್‌ಗೆ ನುಗ್ಗಿದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದು. ಇವುಗಳನ್ನು ಮುಗಿಸಿದವರಿಗೆ ಕೊಳದ ತಳದಲ್ಲಿ ಈಜಾಡುವ ಅವಕಾಶ.

ನೀರಿನೊಳಗೆ ವಸ್ತುಗಳು ನಿಜಕ್ಕಿಂತ ಮೂರರಲ್ಲೊಂದು ಭಾಗದಷ್ಟು ದೊಡ್ಡದಾಗಿಯೂ ನಾಲ್ಕರಲ್ಲೊಂದು ಭಾಗದಷ್ಟು ಹತ್ತಿರವಾಗಿಯೂ ಕಾಣುತ್ತವೆ. ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಹರಿಯುವುದರಿಂದ ಅದು ಯಾವ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ. ನನ್ನ ಮಗಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ನೆನಪಿರುವುದು ತನ್ನದೇ ಉಸಿರಿನ ಸದ್ದು. ‘ಅಮ್ಮಾ, ಉಸಿರು ಇಷ್ಟು ದೊಡ್ಡದಾಗಿ ಕೇಳುತ್ತದೆಂದು ಗೊತ್ತೇ ಇರಲಿಲ್ಲ’ ಎಂದಿದ್ದಳು.

ಅಲ್ಲಿಗೆ ಹೋದ ಮೇಲೆ ಮಗು ಹೆದರಿ ಒಲ್ಲೆನೆಂದರೆ?

ಒಲ್ಲೆನೆಂದರೆ ಆ ದಿನ ಬೇಡ. ಸ್ವಲ್ಪ ಪುಸಲಾಯಿಸಿದರೆ ಇಳಿಯುತ್ತದೆ ಎಂಬುದು ನಿಜವಿರಬಹುದು, ಲಸಿಕೆಗೆ ಹಾಗೆ ಮಾಡುತ್ತೇವೆ. ಆದರೆ ಲಸಿಕೆ ಅಗತ್ಯ, ಇದು ಅಗತ್ಯವಲ್ಲ. ಹೆದರಿದ ಮಗು ನೀರಿನಡಿ ಮಾಡುವುದು ಎರಡೇ: ಉಸಿರು ಬಿಗಿಹಿಡಿಯುವುದು, ಮೇಲಕ್ಕೆ ಚಿಮ್ಮುವುದು. ಇವೆರಡೂ ಸೇರಿದರೆ ಏನಾಗುತ್ತದೆಂದು ಈಗ ನಿಮಗೆ ಗೊತ್ತಿದೆ. ಆದ್ದರಿಂದ ಮಗುವಿನ ಭಯವನ್ನು ಹಟವೆಂದು ತಿಳಿಯದೆ, ಕಿವಿನೋವಿನಷ್ಟೇ ಗಂಭೀರವಾದ ಸೂಚನೆಯೆಂದು ತಿಳಿಯಬೇಕು.

‘ನೋಡು, ಚಿಕ್ಕಪ್ಪನ ಮಗ ಹೇಗೆ ಇಳಿದ’ ಎಂಬ ಹೋಲಿಕೆ, ‘ಅಷ್ಟು ದುಡ್ಡು ಕೊಟ್ಟಿದ್ದೇವೆ’ ಎಂಬ ಮಾತು, ಫೋಟೊಗಾಗಿ ‘ಒಂದೇ ಒಂದು ಸಲ’ ಎಂಬ ಒತ್ತಾಯ ಇವು ಮೂರನ್ನೂ ಮನೆಯಲ್ಲೇ ಬಿಟ್ಟು ಬನ್ನಿ. ಹಣ ಕಟ್ಟುವ ಮೊದಲೇ ಅರ್ಧದಲ್ಲಿ ನಿಲ್ಲಿಸಿದರೆ ಇನ್ನೊಂದು ದಿನ ಬರಬಹುದೇ ಎಂದು ಕೇಳಿಕೊಂಡಿದ್ದರೆ ಈ ಒತ್ತಡ ನಮ್ಮೊಳಗೇ ಹುಟ್ಟುವುದಿಲ್ಲ. ಕಿವಿನೋವಿನ ಘಟನೆಯ ನಂತರ ನಾನು ಮಗಳಿಗೆ ಒಂದು ಮಾತು ಕೊಟ್ಟೆ: ನೀರಿನಲ್ಲಿ ನೀನು ಹೆಬ್ಬೆರಳೆತ್ತಿದರೆ ಕಾರಣವನ್ನು ಯಾರೂ ಕೇಳುವುದಿಲ್ಲ, ಮನೆಗೆ ಬಂದ ಮೇಲೂ ಕೇಳುವುದಿಲ್ಲ. ಮುಂದಿನ ಪಾಠದಲ್ಲಿ ಅವಳು ಮೂರು ನಿಮಿಷಕ್ಕೇ ಹೆಬ್ಬೆರಳೆತ್ತಿದಳು. ನಾವು ಮನೆಗೆ ಹೋದೆವು. ಅದರ ಮುಂದಿನ ಪಾಠದಲ್ಲಿ ಅರ್ಧ ಗಂಟೆ ನೀರಿನಲ್ಲಿದ್ದಳು.

ಕನ್ನಡಕ ಹಾಕುವ ಮಗು ಏನು ಮಾಡಬೇಕು?

ಮಾಸ್ಕ್‌ನೊಳಗೆ ಕನ್ನಡಕ ಹಿಡಿಸುವುದಿಲ್ಲ, ನೀರು ಸೋರುತ್ತದೆ. ಪವರ್ ಇರುವ ಗಾಜು ಕೂರಿಸಿದ ಮಾಸ್ಕ್‌ಗಳು ಸಿಗುತ್ತವೆ, ಮೊದಲೇ ವಿಚಾರಿಸಿ. ಪವರ್ ಕಡಿಮೆಯಿದ್ದರೆ ಸಾಮಾನ್ಯ ಮಾಸ್ಕೇ ಸಾಕಾಗಬಹುದು.

ಮಕ್ಕಳಿಗೆ ಬೇಗ ಚಳಿಯಾಗುವುದಿಲ್ಲವೇ?

ಆಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸೆಳೆಯುತ್ತದೆ, ಮಕ್ಕಳ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರವೂ ಹೆಚ್ಚು. ಆದ್ದರಿಂದ ಬಿಸಿಲಿನ ದಿನವೂ ಮಗುವಿನ ಅಳತೆಗೆ ಹೊಂದುವ, ಮೈ ಬೆಚ್ಚಗಿಡುವ ಬಿಗಿ ಉಡುಪು (ವೆಟ್‌ಸೂಟ್) ಬೇಕು. ತುಟಿ ನೀಲಿಗಟ್ಟುವ, ಹಲ್ಲು ಕಟಕಟಿಸುವ ಮೊದಲೇ ಮೇಲೆ ಕರೆತರಬೇಕು.

ನೇತ್ರಾಣಿಗೆ ಯಾವಾಗ ಹೋಗಬೇಕು? ಅಲ್ಲಿ ಏನು ಕಾಣುತ್ತದೆ?

ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಅಲ್ಲಿ ಡೈವಿಂಗ್ ನಡೆಯುತ್ತದೆ. ಮಳೆಗಾಲದ ಕಡಲಿಗೆ ಯಾರೂ ಇಳಿಸುವುದಿಲ್ಲ. ಮಕ್ಕಳಿದ್ದರೆ ಮಳೆಯ ಕದಡು ತಿಳಿಯಾಗಿ ಅಲೆಗಳೂ ಶಾಂತವಾಗಿರುವ ಡಿಸೆಂಬರ್, ಜನವರಿಯನ್ನು ನಾನು ಆರಿಸುತ್ತೇನೆ. ದೋಣಿಯ ಪ್ರಯಾಣ ಒಂದು ಗಂಟೆಗೂ ಮೀರುವುದರಿಂದ, ನೀರಿನ ಭಯಕ್ಕಿಂತ ವಾಂತಿಯೇ ಹೆಚ್ಚು ಮಕ್ಕಳನ್ನು ಕಂಗೆಡಿಸುತ್ತದೆ. ಬೆಳಿಗ್ಗೆ ಒಂದೆರಡು ಇಡ್ಲಿ ಸಾಕು, ಎಣ್ಣೆಯ ತಿಂಡಿಯಾಗಲಿ ತುಂಬು ಲೋಟ ಹಾಲಾಗಲಿ ಬೇಡ. ದೋಣಿಯಲ್ಲಿ ಮೊಬೈಲ್ ನೋಡಲು ಬಿಡದೆ ದಿಗಂತವನ್ನೋ ಹಿಂದೆ ಸರಿಯುವ ಮುರುಡೇಶ್ವರದ ಶಿವನ ವಿಗ್ರಹವನ್ನೋ ನೋಡಲು ಹೇಳಿ.

ಮೇಲಿನಿಂದ ನೋಡಿದರೆ ಹೃದಯದ ಆಕಾರ ಹೋಲುವ ಈ ಕಲ್ಲುದ್ವೀಪದಲ್ಲಿ ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡು ಕಟ್ಟುತ್ತವೆ. ನೀರಿನಡಿ ಬಂಡೆಗಳ ಮೇಲೆ ಹವಳ, ಅದರ ಸುತ್ತ ಗಿಳಿಮೀನು, ಚಿಟ್ಟೆಮೀನುಗಳು, ಕೆಲವೊಮ್ಮೆ ಆಮೆ. ಕೆಂಪು ಬಣ್ಣ ಕೆಲವೇ ಮೀಟರ್ ಆಳದಲ್ಲಿ ಮಾಸುವುದರಿಂದ, ವಿಡಿಯೊಗಳಲ್ಲಿ ಕಂಡಷ್ಟು ಬಣ್ಣ ಕಾಣದು ಎಂದು ಮೊದಲೇ ತಿಳಿಸಿದರೆ ಮಗುವಿಗೆ ನಿರಾಸೆಯಾಗದು. ಯಾವುದನ್ನೂ ಮುಟ್ಟಬಾರದು, ಹೆಕ್ಕಿ ತರಬಾರದು ಎಂಬುದನ್ನು ದೋಣಿ ಹತ್ತುವ ಮೊದಲೇ ಹೇಳಿ. ಸಿಂಹಮೀನಿನ ಮುಳ್ಳು ವಿಷಕಾರಿ. ಹವಳ ಜೀವಂತ ಪ್ರಾಣಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ.

ಕೇಂದ್ರವನ್ನು ಆರಿಸುವಾಗ ಏನು ಕೇಳಬೇಕು?

ತರಬೇತುದಾರರ ಪ್ರಮಾಣಪತ್ರ ಈ ವರ್ಷಕ್ಕೆ ನವೀಕರಣವಾಗಿದೆಯೇ, ದೋಣಿಯಲ್ಲಿ ತುರ್ತು ಆಕ್ಸಿಜನ್ ಮತ್ತು ಅದನ್ನು ಕೊಡಬಲ್ಲವರು ಇದ್ದಾರೆಯೇ, ನನ್ನ ಮಗುವಿನ ಜೊತೆ ಎಷ್ಟು ಮಂದಿಯನ್ನು ಒಬ್ಬರೇ ನೋಡಿಕೊಳ್ಳುತ್ತಾರೆ ಎಂದು ಕೇಳಿ. ಸಮುದ್ರದಲ್ಲಿ ಒಂದು ಮಗುವಿಗೆ ಒಬ್ಬ ತರಬೇತುದಾರರಿರಲೇಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ. ಅವರಿಗೆ ಮಗುವಿನ ಭಾಷೆ ಬರುವುದೂ ಮುಖ್ಯ. ಕನ್ನಡ ಮಾತ್ರ ಚೆನ್ನಾಗಿ ಬಲ್ಲ ಮಗುವಿಗೆ ಇಂಗ್ಲಿಷಿನಲ್ಲಿ ಅವಸರವಾಗಿ ಹೇಳಿದ ಸುರಕ್ಷತೆಯ ಪಾಠ ತಲುಪುವುದಿಲ್ಲ. ಆರೋಗ್ಯದ ಪ್ರಶ್ನಾವಳಿಯನ್ನೇ ಕೊಡದವರಲ್ಲಿಗೆ ಹೋಗಬೇಡಿ.

ಅದೇ ಸಂಜೆ ಬೆಂಗಳೂರಿಗೆ ಹೊರಡಬಹುದೇ?

ಬೇಡ. ಒತ್ತಡದಲ್ಲಿ ಉಸಿರಾಡಿದಾಗ ದೇಹದ ಅಂಗಾಂಶಗಳಲ್ಲಿ ಕರಗುವ ನೈಟ್ರೋಜನ್ ನಿಧಾನವಾಗಿ ಹೊರಬರಲು ಸಮಯ ಬೇಕು. ಅಷ್ಟರೊಳಗೆ ಎತ್ತರಕ್ಕೇರಿದರೆ ಅದು ಗುಳ್ಳೆಗಟ್ಟುವ ಸಾಧ್ಯತೆಯಿದೆ. ಒಂದೇ ಡೈವ್ ಮಾಡಿದವರು ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದವರು 18 ಗಂಟೆ ಕಾಯಬೇಕೆಂದು ಡೈವಿಂಗ್ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಲಹೆ ನೀಡುತ್ತದೆ. ವಿಮಾನದ ಮಾತನ್ನು ಎಲ್ಲರೂ ಹೇಳುತ್ತಾರೆ, ಘಟ್ಟದ ಮಾತನ್ನು ಹೇಳುವವರು ಕಡಿಮೆ. ಮುರುಡೇಶ್ವರ ಇರುವುದು ಸಮುದ್ರಮಟ್ಟದಲ್ಲಿ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿ. ರಾತ್ರಿ ಬಸ್ಸು ಕೆಲವೇ ಗಂಟೆಗಳಲ್ಲಿ ಘಟ್ಟ ಹತ್ತಿಸುತ್ತದೆ. ಒಂದು ಆಳವಿಲ್ಲದ ಡೈವ್‌ನಿಂದ ಅಪಾಯ ಕಡಿಮೆಯೇ ಆದರೂ, ಆ ರಾತ್ರಿ ಕರಾವಳಿಯಲ್ಲೇ ತಂಗಿ ಮರುದಿನ ಹೊರಡುವುದನ್ನು ನಾವು ತಪ್ಪಿಸಿಲ್ಲ. ದಣಿದ ಮಗುವಿಗೂ ಅದೇ ಹಿತ.

ಮೊದಲ ಅನುಭವದ ನಂತರ ಮುಂದೇನು?

ಪರಿಚಯ ಪಾಠದಿಂದ ಮಗು ಪ್ರಮಾಣಿತ ಡೈವರ್ ಆಗುವುದಿಲ್ಲ. 10 ವರ್ಷದಿಂದ ‘ಜೂನಿಯರ್ ಓಪನ್ ವಾಟರ್’ ತರಬೇತಿ ಪಡೆಯಬಹುದು. 10 ಮತ್ತು 11ನೇ ವಯಸ್ಸಿನವರು ಪ್ರಮಾಣಿತ ಡೈವರ್ ಆಗಿರುವ ಹೆತ್ತವರು, ಪೋಷಕರು ಅಥವಾ ಡೈವಿಂಗ್ ವೃತ್ತಿಪರರ ಜೊತೆಯಲ್ಲಿ 12 ಮೀಟರ್‌ವರೆಗೆ, 12ರಿಂದ 14ರವರು ಪ್ರಮಾಣಿತ ವಯಸ್ಕ ಡೈವರ್ ಜೊತೆಯಲ್ಲಿ 18 ಮೀಟರ್‌ವರೆಗೆ ಇಳಿಯಬಹುದು. 15 ತುಂಬಿದ ಮೇಲೆ ‘ಜೂನಿಯರ್’ ಎಂಬುದು ಹೋಗುತ್ತದೆ. ಈ ತರಬೇತಿಗೆ ಈಜು ಬರಲೇಬೇಕು. ಮಗು ತಾನಾಗಿ ಕೇಳುವವರೆಗೆ ಕಾಯಿರಿ. ನನ್ನ ಮಗಳು ಒಂದು ವರ್ಷ ಆ ಮಾತೇ ಎತ್ತಲಿಲ್ಲ, ಆಮೇಲೆ ಒಂದು ದಿನ ಊಟಕ್ಕೆ ಕುಳಿತಾಗ ಕೇಳಿದಳು.